ಮೂರನೆಯ ಶಾಲೆಯ ಹುಡುಗಿ

ಗದಗಿನ ಹೈಸ್ಕೂಲಿನಲ್ಲಿ ನಾನು ಓದುತ್ತಿದ್ದಾಗ ನಮ್ಮ ಇಯತ್ತೆಯಲ್ಲಿ ಹುಡುಗಿಯರು ನಾಲ್ವರೇ. ಗೋಡೆಯ ಬದಿಗೆ ನಮಗೆ ಕೂರಲು ಬೇರೆ ಬಾಕು ಹಾಕಿದ್ದರು. ಮಾಸ್ತರು ಒಳಗೆ ಬರುವಾಗ ಅವರ ಹಿಂದೆ ಬರಬೇಕು, ಗಂಟೆ ಹೊಡೆದಾಗ ಅವರ ಹಿಂದೆಯೇ ಹೊರಗೆ ಹೋಗಬೇಕು. ಸಂಜೆ ಹುಡುಗರಿಗೆ ಕವಾಯತು, ಹುತುತು, ಖೊಖೊ ಇರುತ್ತಿದ್ದವು. ಆ ಹೊತ್ತಿನಲ್ಲಿ ನಮಗೆ ಹೊಲಿಗೆ. ಕಿಟಕಿಯಿಂದ ಬರುವ ಸೀಟಿಯ ಸದ್ದು ಕೇಳುತ್ತ ನಾನು ಒಂದೇ ಕರವಸ್ತ್ರಕ್ಕೆ ಮೂರು ಸಲ ಅಂಚು ಹಾಕಿ ಬಿಚ್ಚಿದ್ದೇನೆ.

ನಮ್ಮ ಮನೆ ಬೆಟಗೇರಿಯ ನೇಕಾರರ ಓಣಿಯಲ್ಲಿತ್ತು. ಅಪ್ಪನವು ಎರಡು ಕುಣಿ ಮಗ್ಗ, ನೆಲದ ಕುಣಿಯಲ್ಲಿ ಕಾಲು ಬಿಟ್ಟು ಕೂತು ನೇಯುವಂಥವು. ಹೊಸ ಸೀರೆಗಳಿಗೆ ಹಾಸು ಹಾಕುವ ದಿನ ಓಣಿಯ ಈ ತುದಿಯಿಂದ ಆ ತುದಿಯವರೆಗೆ ನೂಲಿನ ಎಳೆಗಳನ್ನು ಚಾಚಿ ಕಟ್ಟಿ, ಗಂಜಿ ಹಚ್ಚಿ ತೀಡುತ್ತಿದ್ದರು. ಗಂಜಿ ಒಣಗುವುದರೊಳಗೆ ಹರಿದ ಎಳೆಗಳನ್ನು ಹುಡುಕಿ ಗಂಟು ಹಾಕಬೇಕು. ಅದು ನನ್ನ ಕೆಲಸ. ಆ ತುದಿಯಿಂದ ಅವ್ವ ಕೂಗಿದರೆ ಅತ್ತ, ಈ ತುದಿಯಿಂದ ಅಪ್ಪ ಕೂಗಿದರೆ ಇತ್ತ. ನಡುವೆ ಆಡು ಬಂದರೆ ಅದನ್ನೂ ಓಡಿಸಬೇಕು. ಓಡುವುದು ಅಂದರೆ ನನಗೆ ಆಟ ಅಂತ ಅನಿಸಿರಲೇ ಇಲ್ಲ, ಅದು ಮನೆಗೆಲಸವಾಗಿತ್ತು.

ಸ್ವಾತಂತ್ರ್ಯ ಬರುವತನಕ ನಮ್ಮ ಸುತ್ತಲಿನ ಊರುಗಳು ಒಬ್ಬರ ಕೈಯಲ್ಲಿರಲಿಲ್ಲ. ಗದಗ, ಮುಂಡರಗಿ ಮುಂಬೈ ಸರಕಾರದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಆಡುವ ಮಾತು ಒಂದೇ, ಉಣ್ಣುವ ರೊಟ್ಟಿ ಒಂದೇ, ಒಬ್ಬರ ಮನೆಯ ಹೆಣ್ಣು ಇನ್ನೊಬ್ಬರ ಮನೆಯ ಸೊಸೆ. ಆದರೂ ಶಾಲೆಗಳ ಲೆಕ್ಕದಲ್ಲಿ ಅವು ಪರರಾಜ್ಯ. ನಮ್ಮ ಜಿಲ್ಲೆಯ ಆಟಗಳಿಗೆ ಶಿರಹಟ್ಟಿಯ ಹುಡುಗರು ಬರುವಂತಿರಲಿಲ್ಲ. ಸಂಸ್ಥಾನಗಳು ವಿಲೀನವಾದ ಮೇಲೆ ನಾಲ್ಕೂ ಊರಿನ ಹೆಡ್‌ಮಾಸ್ತರರು ಕೂಡಿ ಒಂದು ಆಟದ ಸಂಘ ಕಟ್ಟಿದರು. ದೀಪಾವಳಿ ಕಳೆದ ಮೇಲೆ, ಒಂದೊಂದು ವರ್ಷ ಒಂದೊಂದು ಊರಿನಲ್ಲಿ, ಎರಡು ದಿನದ ಪಂದ್ಯ. ಎಲ್ಲ ಆಟಗಳ ಅಂಕ ಕೂಡಿಸಿ ಹೆಚ್ಚು ಬಂದ ಶಾಲೆಗೆ ಹಿತ್ತಾಳೆಯ ಢಾಲು. ಜನ ಅದನ್ನು ನಾಕೂರ ಸಂಘ ಅಂತ ಕರೆಯುತ್ತಿದ್ದರು. ಅದರಲ್ಲಿ ಹುಡುಗರು ಮಾತ್ರ ಆಡುತ್ತಿದ್ದರು. ಹುಡುಗಿಯರನ್ನು ಯಾರೂ ಬೇಡ ಅಂದಿರಲಿಲ್ಲ. ಆ ವಿಚಾರವೇ ಯಾರ ತಲೆಗೂ ಬಂದಿರಲಿಲ್ಲ.

ನಾನು ಒಂಬತ್ತನೆಯ ಇಯತ್ತೆಗೆ ಬಂದ ವರ್ಷ ಹಿಂದಿ ಕಲಿಸಲು ಧಾರವಾಡದ ಕಡೆಯಿಂದ ಒಬ್ಬರು ಅಕ್ಕೋರು ಬಂದರು. ನಮ್ಮ ಶಾಲೆಗೆ ಬಂದ ಮೊದಲ ಶಿಕ್ಷಕಿ ಅವರೇ. ಸಣ್ಣ ಮೈಕಟ್ಟು, ಬಿಳಿ ಖಾದಿ ಸೀರೆ, ಕೈಯಲ್ಲಿ ಯಾವಾಗಲೂ ಒಂದು ಕರಿ ಕೊಡೆ. ಮದುವೆಯಾಗಿರಲಿಲ್ಲ. ಯಾಕೆ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ದನಿ ಏರಿಸಿ ಮಾತಾಡಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ, ಆದರೆ ಹಿಡಿದ ಕೆಲಸ ಬಿಡುವವರಲ್ಲ.

ಒಂದು ದಿನ ಅಂಗಳದಲ್ಲಿ ಅವರ ಕೈಯಲ್ಲಿದ್ದ ಪರೀಕ್ಷೆಯ ಹಾಳೆಗಳು ಗಾಳಿಗೆ ಹಾರಿದವು. ನಾನು ತೊಟ್ಟಿದ್ದ ಪರಕಾರದ ನೆರಿಗೆ ಎತ್ತಿಕೊಂಡು ಓಡಿ, ಕಂಪೌಂಡಿನ ಗೋಡೆ ದಾಟುವುದರೊಳಗೆ ಅಷ್ಟನ್ನೂ ಹಿಡಿದು ತಂದೆ. ಹಾಳೆ ಎಣಿಸಿಕೊಳ್ಳುವುದನ್ನು ಬಿಟ್ಟು ಅವರು ನನ್ನ ಮುಖ ನೋಡಿದರು.

“ಯಾವ ಓಣಿ ನಿಂದು?”

“ಬೆಟಗೇರಿ ರೀ.”

“ದಿನಾ ಹಿಂಗ ಓಡ್ತಿ?”

“ಹಾಸು ಹಾಕಿದ ದಿನ ಓಡ್ತೀನ್ರಿ.”

ಅವರು ನಗಲಿಲ್ಲ. ಹಾಸು ಅಂದರೇನು ಅಂತ ಕೇಳಿ ತಿಳಿದುಕೊಂಡರು.

ಆ ವರ್ಷದ ಸಂಘದ ಸಭೆ ನಮ್ಮ ಶಾಲೆಯಲ್ಲೇ ನಡೆಯಿತು. ನಾಲ್ವರು ಹೆಡ್‌ಮಾಸ್ತರರು ಚಹಾ ಕುಡಿಯುತ್ತ ಕುಳಿತಿದ್ದಾಗ ಅಕ್ಕೋರು ಹೋಗಿ, ಹುಡುಗಿಯರಿಗೂ ಒಂದು ಓಟ ಇಡಬೇಕು ಅಂದರಂತೆ. ಮುಂಡರಗಿಯ ಹೆಡ್‌ಮಾಸ್ತರರು ಅವರಲ್ಲೆಲ್ಲ ಹಿರಿಯರು, ಗಣಿತದವರು. ಅವರು ಹೇಳಿದ್ದು ಇಷ್ಟು: “ಎರಡು ಶಾಲಿಯವರು ಓಡಿದ್ರ ಅದಕ್ಕ ಪಂದ್ಯ ಅನ್ನಾಕ ಬರೂದಿಲ್ಲ. ಮೂರು ಶಾಲಿ ಹುಡಿಗ್ಯಾರು ಬರ್ಲಿ, ನೂರು ಗಜದ ಓಟ ಇಡೋಣು. ಹುಡುಗರಿಗೆ ಕೊಟ್ಟಂಗ ಅವರಿಗೂ ಅಂಕ ಕೊಡೋಣು.” ಮೂರು ಶಾಲೆಗಳಿಂದ ಹುಡುಗಿಯರು ಬರುವ ಮಾತೇ ಇಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ನಾಲ್ವರೂ ಸಂತೋಷದಿಂದ ಠರಾವಿಗೆ ಸಹಿ ಹಾಕಿದರು. ಅಕ್ಕೋರು ಅದರ ನಕಲು ಬರೆದುಕೊಂಡು ಹೊರಗೆ ಬಂದರು.

ಮನೆಯಲ್ಲಿ ನಾನು ವಿಷಯ ಹೇಳಿದಾಗ ಅವ್ವ ಒಲೆಯ ಮುಂದೆ ಇದ್ದಳು. “ಮಂದಿ ನೋಡ್ತಾರಲ್ಲಬೇ” ಅಂದಳು.

ಮಗ್ಗದ ಕುಣಿಯಿಂದ ಅಪ್ಪ, “ಓಣಿ ಮಂದಿ ದಿನಾ ನೋಡಾಕ ಹತ್ಯಾರ. ಅದ್ರಾಗ ಹೊಸಾದೇನೈತಿ?” ಅಂದ. ನಮ್ಮ ಮನೆಯಲ್ಲಿ ಚರ್ಚೆ ಅಷ್ಟಕ್ಕೇ ಮುಗಿಯಿತು. ಮರುದಿನ ಬೆಳಿಗ್ಗೆ ಅಪ್ಪ ಹಾಸಿನ ಹಗ್ಗ ತಂದು ಓಣಿಯಲ್ಲಿ ನೂರು ಗಜ ಅಳೆದು, ಎರಡೂ ಕಡೆಗೆ ಸುಣ್ಣದ ಗುರುತು ಹಾಕಿಕೊಟ್ಟ. ಓಣಿಯ ಮಕ್ಕಳನ್ನೆಲ್ಲ ನಾನು ಒಬ್ಬೊಬ್ಬರಾಗಿ ಸೋಲಿಸಿದೆ. ಗೆಲ್ಲುವವಳು ನಾನೇ ಅಂತ ಆಗಲೇ ನಿಶ್ಚಯ ಮಾಡಿಕೊಂಡಿದ್ದೆ.

ಅಕ್ಕೋರು ಉಳಿದ ಮೂರು ಶಾಲೆಗಳಿಗೆ ಪತ್ರ ಬರೆದರು. ಲಕ್ಷ್ಮೇಶ್ವರದಿಂದ ವಾರದೊಳಗೆ ಉತ್ತರ ಬಂತು. ಅಲ್ಲಿ ಒಬ್ಬ ಹುಡುಗಿ ಇದ್ದಾಳೆ, ಸಾಬರ ಮನೆಯವಳು, ತಂದೆ ದರ್ಜಿ, ಕಳಿಸಲು ಒಪ್ಪಿದ್ದಾರೆ ಅಂತ. ಶಿರಹಟ್ಟಿಯವರು, ಹುಡುಗಿಯರು ಇಬ್ಬರಿದ್ದಾರೆ, ಮನೆಯವರು ಒಪ್ಪುತ್ತಿಲ್ಲ, ಕ್ಷಮಿಸಬೇಕು ಅಂತ ಬರೆದರು. ಮುಂಡರಗಿಯ ಉತ್ತರ ನಡುವಿನದು. ಒಬ್ಬಳಿದ್ದಾಳೆ, ಸೋದರಮಾವನ ಮನೆಯಲ್ಲಿದ್ದು ಓದುತ್ತಾಳೆ, ಮಾವನನ್ನು ನೀವೇ ಬಂದು ಕೇಳಬೇಕು.

ಒಂದು ರವಿವಾರ ಅಕ್ಕೋರು ನನ್ನನ್ನೂ ಕರೆದುಕೊಂಡು ಮುಂಡರಗಿಯ ಮೋಟರ ಹತ್ತಿದರು. ಆ ಮಾವನದು ಪೇಟೆಯಲ್ಲಿ ಕಿರಾಣಿ ಅಂಗಡಿ. ನಾವು ಹೋದಾಗ ಯಾರಿಗೋ ಬೆಲ್ಲ ತೂಗುತ್ತಿದ್ದರು. ನಮ್ಮನ್ನು ಒಳಗೆ ಕೂರಿಸಿ ಚಹಾ ಕೊಡಿಸಿದರು. ವಿಷಯ ಕೇಳಿದ ಮೇಲೆ ಕೈ ಜೋಡಿಸಿದರು.

“ಅಕ್ಕೋರ, ನೀವು ಇಷ್ಟು ದೂರ ಬಂದೀರಿ, ಇಲ್ಲ ಅನ್ನಾಕ ನಾಚಿಕಿ ಆಗತೈತಿ. ಆದ್ರ ಹುಡುಗಿಗೆ ಬೆಳ್ಳಟ್ಟ್ಯಾಗ ಲಗ್ನದ ಮಾತುಕತಿ ನಡದೈತ್ರಿ. ಈಗ ಗಂಡಸರ ಮುಂದ ಬೈಲಿನ್ಯಾಗ ಓಡಿಸಿದ್ರ ನಾಳೆ ಬೀಗರಿಗೆ ನಾ ಏನು ಹೇಳ್ಲಿ?”

ಅಕ್ಕೋರು ವಾದ ಮಾಡಲಿಲ್ಲ. “ಹುಡುಗಿನ್ನ ಒಂದು ಮಾತು ಕೇಳಲೇನ್ರಿ?” ಅಂದರು.

ಹುಡುಗಿ ಒಳಗಿನಿಂದ ಬಂದು ಬಾಗಿಲ ಬಳಿ ನಿಂತಳು. ಎತ್ತರದವಳು, ಸೊಂಟದ ತನಕ ಹೆರಳು. ಅವಳ ಊರು ಸಿಂಗಟಾಲೂರು, ತುಂಗಭದ್ರೆಯ ದಂಡೆ. ಅಲ್ಲಿ ಹೈಸ್ಕೂಲು ಇಲ್ಲದ್ದರಿಂದ ತಂದೆ ತಾಯಿ ಇಲ್ಲಿ ಇಟ್ಟಿದ್ದರು.

“ಎಂದರ ಓಡಿಯೇನವಾ?” ಅಕ್ಕೋರು ಕೇಳಿದರು.

“ಹೊಳಿ ದಂಡ್ಯಾಗ ಎಮ್ಮಿ ಹಿಂದ ಓಡೀನ್ರಿ. ಪಂದ್ಯದಾಗ ಓಡಿಲ್ಲ.”

“ಓಡಾಕ ಮನಸೈತಿ?”

ಅವಳು ಮಾವನನ್ನು ನೋಡಿದಳು, ಆಮೇಲೆ ನೆಲ ನೋಡಿದಳು. “ಐತ್ರಿ” ಅಂದಳು.

ಮಾವನ ಮುಖದಲ್ಲಿ ಸಿಟ್ಟು ಕಾಣಲಿಲ್ಲ, ಆಶ್ಚರ್ಯ ಕಂಡಿತು. ನಾಲ್ಕು ವರ್ಷದಿಂದ ತನ್ನ ಮನೆಯಲ್ಲಿದ್ದಾಳೆ, ಇಂಥದ್ದು ಬೇಕು ಅಂತ ಇವತ್ತಿನವರೆಗೆ ಬಾಯಿ ಬಿಟ್ಟು ಕೇಳಿಲ್ಲ ಅಂತ ಅವರೇ ನಮಗೆ ಹೇಳಿದರು. ಕೊನೆಗೆ, “ನಾನ ಜೋಡಿ ಬರ್ತೀನಿ. ಓಡಿದ ಕೂಡ್ಲೆ ಕರ್ಕೊಂಡು ಹೊಂಟಬಿಡ್ತೀನಿ. ಯಾರ ಮುಂದೂ ಹೇಳಬ್ಯಾಡ್ರಿ” ಅಂದರು.

ಹೀಗೆ ಮೂರನೆಯ ಶಾಲೆ ಸಿಕ್ಕಿತು. ಇನ್ನು ಉಳಿದದ್ದು ಬಟ್ಟೆ. ಪರಕಾರ ತೊಟ್ಟು ನೂರು ಗಜ ಓಡಿದರೆ ಕಾಲಿಗೆ ಸಿಕ್ಕು ಬೀಳುವುದು ಖಂಡಿತ. ಲಕ್ಷ್ಮೇಶ್ವರದ ದರ್ಜಿ ತಾವೇ ಹೇಳಿಕಳಿಸಿದರು, ಮೂವರಿಗೂ ಒಂದೇ ಥರ ಪೈಜಾಮ, ಉದ್ದ ಅಂಗಿ ಹೊಲಿದು ತರುತ್ತೇನೆ ಅಂತ.

ಆ ವರ್ಷದ ಆಟ ಶಿರಹಟ್ಟಿಯಲ್ಲಿತ್ತು. ಹುಡುಗಿಯರ ಓಟ ಎರಡನೆಯ ದಿನವಾದ್ದರಿಂದ ನಾವು ಆ ದಿನ ಮುಂಜಾನೆ ಹೊರಟೆವು. ಕರ್ನಾಟಕ ಒಂದಾಗುವ ಮಾತು ಎಲ್ಲರ ಬಾಯಲ್ಲಿ ಇದ್ದ ಚಳಿಗಾಲ ಅದು. ಮೋಟರದಲ್ಲಿ ಮಾಸ್ತರರು ದಾರಿಯುದ್ದಕ್ಕೂ ಅದನ್ನೇ ಮಾತಾಡಿದರು. ಯಾವ ಊರು ಯಾವ ಜಿಲ್ಲೆಗೆ ಹೋಗುತ್ತದೆ, ರಾಜಧಾನಿ ಎಲ್ಲಾಗುತ್ತದೆ, ಪಗಾರ ಎಲ್ಲಿಂದ ಬರುತ್ತದೆ. ನಾನು ನನ್ನ ಕಾಲುಗಳ ಬಗ್ಗೆ ಮಾತ್ರ ವಿಚಾರ ಮಾಡುತ್ತಿದ್ದೆ.

ಬಯಲಿನಲ್ಲಿ ಸುಣ್ಣದ ಗೆರೆಗಳನ್ನು ಎಳೆದಿದ್ದರು. ಲಕ್ಷ್ಮೇಶ್ವರದ ಹುಡುಗಿ ನನಗಿಂತ ಒಂದು ಇಯತ್ತೆ ಚಿಕ್ಕವಳು, ಗಿಡ್ಡ, ಕಣ್ಣಿಗೆ ಕಾಡಿಗೆ, ಬಾಯಿ ಮುಚ್ಚುವವಳೇ ಅಲ್ಲ. ಕಂಡ ಕೂಡಲೇ ಅಕ್ಕಾ ಅಂತ ಕೈ ಹಿಡಿದಳು. ಅವಳ ತಂದೆ ಗಂಟು ಬಿಚ್ಚಿ ಬಟ್ಟೆ ಕೊಟ್ಟರು.

“ನಿಮ್ಮ ಅಳತಿ ಗೊತ್ತಿರಲಿಲ್ಲ ಬೇಟಿ. ಅಂದಾಜಿನ ಮ್ಯಾಲೆ ಹೊಲದೀನಿ. ಹೆಚ್ಚು ಕಡಿಮಿ ಆಗಿದ್ರ ಬೈಕೋಬ್ಯಾಡ್ರಿ.”

ಅವರ ಅಂದಾಜು ನಮ್ಮಿಬ್ಬರ ವಿಷಯದಲ್ಲೂ ತಪ್ಪಿತ್ತು. ನನ್ನ ಪೈಜಾಮ ನೆಲ ಗುಡಿಸುತ್ತಿತ್ತು. ಮುಂಡರಗಿಯ ಹುಡುಗಿಯದು ಮೊಣಕಾಲಿನಿಂದ ನಾಲ್ಕು ಬೆರಳು ಇಳಿದು ನಿಂತಿತ್ತು. ಒಬ್ಬರನ್ನೊಬ್ಬರು ನೋಡಿಕೊಂಡು ನಮಗೆ ನಗು ತಡೆಯಲಾಗಲಿಲ್ಲ. ದರ್ಜಿಯವರು ಕೂತಲ್ಲೇ ನನ್ನ ಪೈಜಾಮದ ತುದಿ ಮಡಚಿ ಟಾಕಿ ಹಾಕಿಕೊಟ್ಟರು. ಮಧ್ಯಾಹ್ನ ಶಾಲೆಯ ಪಡಸಾಲೆಯಲ್ಲಿ ಒಟ್ಟಿಗೆ ಕೂತು ರೊಟ್ಟಿ, ಶೇಂಗಾ ಚಟ್ನಿ, ಸಿಹಿ ಮಾದ್ಲಿ ಉಂಡೆವು. ಗೆಲ್ಲುವ ಹುಡುಗಿ ಹೆಚ್ಚು ಉಣ್ಣಬಾರದು ಅಂತ ನಾನು ಮಾದ್ಲಿ ಬಿಟ್ಟೆ. ಲಕ್ಷ್ಮೇಶ್ವರದವಳು ಅದನ್ನೂ ತಿಂದಳು.

ಹುಡುಗಿಯರ ಓಟ ಎಲ್ಲದಕ್ಕೂ ಕೊನೆಗೆ. ಅಷ್ಟರಲ್ಲಿ ಹುಡುಗರ ಆಟಗಳೆಲ್ಲ ಮುಗಿದು ಶಿರಹಟ್ಟಿ, ಮುಂಡರಗಿ ಉಳಿದೆರಡು ಶಾಲೆಗಳಿಗಿಂತ ಬಹಳ ಮುಂದೆ ಹೋಗಿ, ಎರಡರದೂ ಅಂಕ ಸಮ ನಿಂತಿತ್ತು. ನಾವು ಮೂವರು ಗೆರೆಯ ಕಡೆಗೆ ಹೊರಟಾಗ ಮುಂಡರಗಿಯ ಮಾವ ಎದುರಿಗೆ ಬಂದರು. 

“ನಡಿ ಮನಿಗೆ” ಅಂದರು ಸೋದರಸೊಸೆಗೆ. “ಬೆಳ್ಳಟ್ಟಿಯವರು ಬಂದಾರ.”

ಶಾಲೆಯ ಕಟ್ಟೆಯ ಮೇಲೆ ಹೆಂಗಸರು ಕೂತಿದ್ದರು. ಅವರ ನಡುವೆ ಹಸಿರು ಇಳಕಲ್ಲ ಸೀರೆಯ ಹಿರಿಯರೊಬ್ಬರನ್ನು ಅವರು ಕಣ್ಣಿನಿಂದಲೇ ತೋರಿಸಿದರು. ಮಾತುಕತೆ ನಡೆದಿದ್ದ ಹುಡುಗನ ತಾಯಿ. ಅವರ ಸಣ್ಣ ಮಗ ಶಿರಹಟ್ಟಿ ಶಾಲೆಯಲ್ಲಿ ಓದುತ್ತಿದ್ದ. ಅವನ ಖೊಖೊ ನೋಡಲು ಅವರು ಬಂದಿದ್ದರು. ಇದು ನಮಗಾರಿಗೂ ಹೊಳೆದಿರಲಿಲ್ಲ.

ನಾನು ಅಕ್ಕೋರ ಮುಖ ನೋಡಿದೆ. ಇವಳು ಹೋದರೆ ಎರಡೇ ಶಾಲೆ, ಓಟವೇ ಇಲ್ಲ. ಅಕ್ಕೋರು ಕೊಡೆಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದಿದ್ದರು, ಆದರೆ ಮಾತಾಡಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬಂತು. ಇಷ್ಟೆಲ್ಲ ಮಾಡಿದವರು ಈಗ ಒಂದು ಮಾತು ಯಾಕೆ ಆಡಬಾರದು ಅಂತ. ಆ ಮಾತು ಅವರು ಆಡುವಂಥದ್ದಲ್ಲ ಅನ್ನುವುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ.

ಹುಡುಗಿ ಮಾವನ ಕಡೆಗೂ ಬರದೆ, ಗೆರೆಯ ಕಡೆಗೂ ಹೋಗದೆ, ನೆಟ್ಟಗೆ ಕಟ್ಟೆಯ ಕಡೆಗೆ ನಡೆದಳು. ನಾವು ಹಿಂದೆಯೇ ಹೋದೆವು. ಅವಳು ಆ ಹಿರಿಯರ ಕಾಲು ಮುಟ್ಟಿ ನಮಸ್ಕಾರ ಮಾಡಿ ಎದ್ದು ನಿಂತಳು.

ಅವರು ಅವಳನ್ನು ತಲೆಯಿಂದ ಕಾಲಿನ ತನಕ ನೋಡಿದರು. “ಇದೇನು ತೊಟ್ಟೀಯವಾ?”

“ಓಡಾಕ ಹೊಲಿಸಿದ್ದ್ರಿ. ಓಟ ಇಟ್ಟಾರ. ಓಡ್ಲೋ ಬ್ಯಾಡೋ ನೀವ ಹೇಳ್ರಿ. ಆಮ್ಯಾಲೆ ಮಂದಿ ಬಾಯಿಂದ ನಿಮಗ ಗೊತ್ತಾಗೋದು ಬ್ಯಾಡ ಅನಿಸ್ತು.”

ಮಾವ ರುಮಾಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು. ಆ ತಾಯಿ ಬಯಲಿನ ಕಡೆಗೆ ನೋಡಿದರು, ಗೆರೆಯ ಬಳಿ ರುಮಾಲು ಹಿಡಿದು ಕಾಯುತ್ತಿದ್ದ ಕವಾಯತಿನ ಮಾಸ್ತರರನ್ನು ನೋಡಿದರು.

“ನನ್ನ ಮಗ ಮುಂಜಾನಿಂದ ಅಲ್ಲೆ ಓಡಾಕ ಹತ್ತಿದ್ದ. ಅವನ್ನ ನೋಡಾಕ ಬಂದೀನಿ. ನಿನ್ನೂ ನೋಡ್ತೀನಿ ತಗೊ.” ಇಷ್ಟು ಹೇಳಿ, “ತಿರುಗು” ಅಂದರು. ಅವಳು ಬೆನ್ನು ಮಾಡಿ ನಿಂತಳು. ಅವರು ಆ ಉದ್ದ ಹೆರಳನ್ನು ಎರಡು ಸುತ್ತು ಸುತ್ತಿ ಬಿಗಿಯಾಗಿ ಗಂಟು ಹಾಕಿದರು. “ಈಗ ಹೋಗು. ಕಣ್ಣಾಗ ಕೂದಲಾ ಬರೂದಿಲ್ಲ.”

ಶಿರಹಟ್ಟಿಯ ಮಾಸ್ತರರಿಗೆ ಇನ್ನೂ ಸಂಸ್ಥಾನದ ರೂಢಿ. ಏಕ, ದೋನ, ತೀನ ಅಂತ ಮರಾಠಿಯಲ್ಲೇ ಎಣಿಸಿ ರುಮಾಲು ಕೆಳಗೆ ಬಿಟ್ಟರು. ಬರಿಗಾಲಿಗೆ ಬಯಲಿನ ಮಣ್ಣು ತಣ್ಣಗೆ ಹತ್ತಿತು. ನಾನು ಮೊದಲ ಹೆಜ್ಜೆಯಿಂದಲೇ ಮುಂದಿದ್ದೆ. ಪಕ್ಕದಲ್ಲಿ ಯಾರ ಉಸಿರೂ ಕೇಳುತ್ತಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ದಾರಿ ಕಳೆದಿತ್ತು. ಆಗ ಕಟ್ಟೆಯ ಮೇಲಿನ ಹೆಂಗಸರು ಒಮ್ಮೆಲೇ ಕೂಗತೊಡಗಿದರು. ಹೆಂಗಸರು ಹಾಗೆ ಕೂಗುವುದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ. ಏನಾಯಿತು ಅಂತ ತಿರುಗಿ ನೋಡಿದೆ. ಅಷ್ಟೇ ಸಾಕಾಯಿತು. ಕಾಡಿಗೆ ಕಣ್ಣಿನ ಹುಡುಗಿ ನನ್ನ ಬಲಗಡೆಯಿಂದ ದಾಟಿ ಹೋದಳು. ಅಡ್ಡ ಹಿಡಿದಿದ್ದ ನೂಲು ಅವಳ ಎದೆಗೆ ತಾಗಿ ಹರಿಯಿತು. ನಾನು ಎರಡನೆಯವಳು. ಮುಂಡರಗಿಯವಳು ಬಹಳ ಹಿಂದೆ ಇದ್ದಳು. ಆದರೂ ನಡೆಯಲಿಲ್ಲ, ನಿಲ್ಲಲಿಲ್ಲ, ಬಾಯ್ತುಂಬ ನಗುತ್ತ ಗೆರೆ ದಾಟಿದಳು.

ನಾನು ಶಾಲೆಯ ಹಿಂದಿನ ಬೇವಿನ ಗಿಡದ ಕೆಳಗೆ ಹೋಗಿ ಅತ್ತೆ. ಲಕ್ಷ್ಮೇಶ್ವರದ ಹುಡುಗಿ ಹುಡುಕಿಕೊಂಡು ಬಂದು ಪಕ್ಕದಲ್ಲಿ ಕೂತಳು. “ಅಕ್ಕಾ, ನೀ ತಿರುಗಿ ನೋಡಲಿಲ್ಲ ಅಂದ್ರ ನಾ ಎಲ್ಲೆ ಗೆಲ್ತಿದ್ದೆ” ಅಂದಳು. ಅದು ಸಮಾಧಾನದ ಮಾತು ಅಂತ ಗೊತ್ತಿದ್ದೂ ನನಗೆ ಇನ್ನಷ್ಟು ಹೊಟ್ಟೆಕಿಚ್ಚಾಯಿತು. ಅವಳ ಕೈ ಕೊಡವಿದೆ. ಆ ಕೈ ಕೊಡವಿದ್ದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ನಾನು ಅಳುತ್ತಿದ್ದಾಗಲೇ ಬಯಲಿನಲ್ಲಿ ಬೇರೆ ಗದ್ದಲ ಎದ್ದಿತ್ತು. ಸಂಘದ ನಿಯಮದ ಪ್ರಕಾರ ಮೊದಲಿಗರಿಗೆ ಐದು ಅಂಕ, ಎರಡನೆಯವರಿಗೆ ಮೂರು, ಮೂರನೆಯವರಿಗೆ ಒಂದು. ಸಮ ನಿಂತಿದ್ದ ಶಿರಹಟ್ಟಿ, ಮುಂಡರಗಿಗಳಲ್ಲಿ ಈಗ ಮುಂಡರಗಿಗೆ ಒಂದು ಅಂಕ ಹೆಚ್ಚಾಗಿತ್ತು. ಢಾಲು ಅವರದ್ದು. ಶಿರಹಟ್ಟಿಯ ಕೆಲವರು ಒಪ್ಪಲಿಲ್ಲ. ಹುಡುಗಿಯರ ಓಟ ನೋಡುವುದಕ್ಕೆ ಇಟ್ಟದ್ದು, ಢಾಲಿನ ಲೆಕ್ಕಕ್ಕೆ ಹಿಡಿಯಬಾರದು ಅಂದರು. ಮುಂಡರಗಿಯ ಹೆಡ್‌ಮಾಸ್ತರರು ಸುಮ್ಮನೆ ಕೂತಿದ್ದರು. ಆ ಠರಾವನ್ನು ಸೂಚಿಸಿದವರು ಅವರೇ, ಈಗ ಅದರ ಲಾಭ ಅವರ ಶಾಲೆಗೇ. ಅವರು ಮಾತಾಡುವಂತೆಯೂ ಇರಲಿಲ್ಲ, ಬಿಡುವಂತೆಯೂ ಇರಲಿಲ್ಲ.

ಅಕ್ಕೋರು ತಮ್ಮ ಚೀಲದಿಂದ ಠರಾವಿನ ನಕಲು ತೆಗೆದು ಶಿರಹಟ್ಟಿಯ ಹೆಡ್‌ಮಾಸ್ತರರ ಕೈಗೆ ಕೊಟ್ಟರು. ಅವರು ಕನ್ನಡಕ ಹಾಕಿಕೊಂಡು, ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಓದಿದರು. ಹುಡುಗರಿಗೆ ಕೊಟ್ಟಂತೆ ಹುಡುಗಿಯರಿಗೂ ಅಂಕ ಅನ್ನುವ ಸಾಲನ್ನು ಎರಡು ಸಲ ಓದಿದರು.

“ಇದ್ರಾಗ ನನ್ನ ಸಹೀನೂ ಐತಿ” ಅಂದರು ತಮ್ಮ ಊರಿನವರಿಗೆ. “ನಮ್ಮ ಶಾಲ್ಯಾಗೂ ಇಬ್ಬರು ಹುಡಿಗ್ಯಾರು ಇದ್ರು. ಒಬ್ಬಾಕಿ ಬಂದು ಮುಂಡರಗಿಯಾಕಿಗಿಂತ ಒಂದ ಹೆಜ್ಜಿ ಮುಂದಿದ್ರೂ ಸೋಲತಿರಲಿಲ್ಲ. ಕಳಸಲಿಲ್ಲ, ಸೋತಿವಿ. ಆತು, ಢಾಲು ತರ್ರಿ.” ಅದನ್ನು ಅವರೇ ಎತ್ತಿ ಮುಂಡರಗಿಯವರ ಕೈಗೆ ಕೊಟ್ಟರು.

ಓಡಿದ ಕೂಡಲೇ ಕರೆದುಕೊಂಡು ಹೋಗುತ್ತೇನೆ ಅಂದಿದ್ದ ಮಾವ ಎಲ್ಲರಿಗಿಂತ ಕೊನೆಗೆ ಹೊರಟರು. ಢಾಲಿನ ಪಕ್ಕ ನಿಂತು ಬಂದವರಿಗೆಲ್ಲ, ನಮ್ಮ ಅಕ್ಕನ ಮಗಳು ಅಂತ ಹೇಳುತ್ತಿದ್ದರು.

ಮುಂದಿನ ವರ್ಷ ಆಟ ಲಕ್ಷ್ಮೇಶ್ವರದಲ್ಲಿ. ಆ ಹೊತ್ತಿಗೆ ಏಕೀಕರಣವಾಗಿ ನಾವೆಲ್ಲ ಮೈಸೂರು ರಾಜ್ಯದವರಾಗಿದ್ದೆವು. ಓಟಕ್ಕೆ ಮೊದಲ ಸಲ ಒಂದು, ಎರಡು, ಮೂರು ಅಂತ ಕನ್ನಡದಲ್ಲಿ ಎಣಿಸಿದರು. ಶಿರಹಟ್ಟಿಯಿಂದ ನಾಲ್ವರು ಹುಡುಗಿಯರು ಬಂದಿದ್ದರು, ನಾಲ್ವರಿಗೂ ನೀಲಿ ಅಂಗಿ. ಅವರಲ್ಲೊಬ್ಬಳು ನನ್ನನ್ನೂ ಲಕ್ಷ್ಮೇಶ್ವರದವಳನ್ನೂ ಒಟ್ಟಿಗೆ ಸೋಲಿಸಿದಳು. ಈ ಸಲ ನಾನು ಅಳಲಿಲ್ಲ. ಕಾಡಿಗೆ ಕಣ್ಣಿನವಳ ಮನೆಯಲ್ಲಿ ಉಂಡು, ಹಿಂದಿನ ವರ್ಷದ್ದಕ್ಕೆ ತಪ್ಪಾಯಿತು ಅಂದೆ. ಅವಳಿಗೆ ಅದು ನೆನಪೇ ಇರಲಿಲ್ಲ, ಅಥವಾ ಇಲ್ಲ ಅಂದಳು.

ಮುಂಡರಗಿಯವಳು ಆ ವರ್ಷ ಬರಲಿಲ್ಲ. ಬೇಸಿಗೆಯಲ್ಲಿ ಅವಳ ಮದುವೆಯಾಗಿತ್ತು. ಅಕ್ಕೋರು ಹೋಗಿ ಬಂದಿದ್ದರು. ಮ್ಯಾಟ್ರಿಕ್ ಪರೀಕ್ಷೆಗೆ ಕೂರಿಸುವ ಮಾತನ್ನು ಅತ್ತೆಯೇ ಎತ್ತಿದರಂತೆ. ಪರೀಕ್ಷೆಗೆ ಕೂತಳು, ಇಂಗ್ಲಿಷಿನಲ್ಲಿ ಹೋಯಿತು, ಎರಡನೆಯ ಸಲ ಪಾಸಾದಳು. ಮುಂದೆ ಬೆಳ್ಳಟ್ಟಿಯಲ್ಲಿ ಬಾಲವಾಡಿ ನಡೆಸುತ್ತಿದ್ದಾಳೆ ಅಂತ ಕೇಳಿದೆ.

ನಾಕೂರ ಸಂಘ ಬಹಳ ಕಾಲ ಬಾಳಲಿಲ್ಲ. ಹೊಸ ರಾಜ್ಯದ ಶಿಕ್ಷಣ ಖಾತೆಯವರು ತಾಲೂಕು, ಜಿಲ್ಲೆ ಅಂತ ತಮ್ಮದೇ ಕ್ರೀಡಾಕೂಟಗಳನ್ನು ಶುರು ಮಾಡಿದರು. ಒಂದೇ ಚಳಿಗಾಲದಲ್ಲಿ ಎರಡೆರಡು ಕಡೆ ಹುಡುಗರನ್ನು ಕರೆದೊಯ್ಯುವುದು ಶಾಲೆಗಳಿಗೆ ಆಗಲಿಲ್ಲ. ಒಂದು ವರ್ಷ ಸಭೆ ಮುಂದಕ್ಕೆ ಹೋಯಿತು, ಮರುವರ್ಷ ಯಾರೂ ಕರೆಯಲಿಲ್ಲ. ಜಗಳವಿಲ್ಲದೆ, ವಿದಾಯವಿಲ್ಲದೆ ಅದು ನಿಂತಿತು.

ನಾನು ಮ್ಯಾಟ್ರಿಕ್ ಮುಗಿಸಿ ಎರಡು ವರ್ಷ ಮನೆಯಲ್ಲಿ ಅಪ್ಪನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದೆ. ಆಮೇಲೆ ಅಕ್ಕೋರೇ ಅರ್ಜಿ ತುಂಬಿಸಿ ವ್ಯಾಯಾಮ ಶಿಕ್ಷಕಿಯ ತರಬೇತಿಗೆ ಕಳಿಸಿದರು. ಮೊದಲ ನೌಕರಿ ಶಿರಹಟ್ಟಿಯಲ್ಲಿ ಸಿಕ್ಕಿತು. ಕೆಲಸಕ್ಕೆ ಸೇರಿದ ದಿನ ಮುಂಜಾನೆ ಮೂವರು ತಂದೆಯರು ಬಂದು ಬಾಗಿಲ ಬಳಿ ನಿಂತಿದ್ದರು. ಏನೋ ತಕರಾರು ಇರಬೇಕು ಅಂತ ನಾನು ಎದ್ದು ಹೋದೆ.

“ಹುಡಿಗ್ಯಾರ ಆಟ ಎಷ್ಟೊತ್ತಿಗೆ ಮುಗಿತೈತ್ರಿ ಅಕ್ಕೋರ?” ಅಂತ ಒಬ್ಬರು ಕೇಳಿದರು. “ಕರ್ಕೊಂಡು ಹೋಗಾಕ ಬರಬೇಕಾಗೈತಿ.”

ಐದೂವರೆಗೆ ಅಂದೆ. ಅವರು ತಲೆಯಾಡಿಸಿ ಹೊಲದ ಕಡೆಗೆ ನಡೆದರು.